ನೀಲಿ ಚಾಕಿನ ಗೀಟು

ಅಡುಗೆಮನೆಯಿಂದ "ಥೂ" ಎಂದು ಉಗುಳಿದ ಸದ್ದು ಕೇಳಿ ಅತ್ತಿಗೆ ಹೊಲಿಗೆ ಯಂತ್ರದ ಮೇಲಿನ ಕಾಲನ್ನು ತಡೆದಳು. ಸೂಜಿ ಅಂಗಿಯ ಜೇಬಿನ ಮೂಲೆಯಲ್ಲಿ ಅರ್ಧ ಇಳಿದು ನಿಂತಿತು. ನಲ್ಲಿ ಬಿಟ್ಟ ಸದ್ದು, ಬಾಯಿ ಮುಕ್ಕಳಿಸಿದ ಸದ್ದು, ಮತ್ತೆ "ಥೂ".

"ಏನೇ ಅದು, ಬಾಯಿಗೆ ನೊಣ ಹೋಯ್ತಾ?"

"ಅತ್ತಿಗೆ, ಈ ಸೋರೆಕಾಯಿ ತುದಿ ನೋಡಿದ್ರಾ ನೀವು?"

"ನೋಡದೆ ಒಳಗೆ ತರ್ತೀನಾ? ಗೀಟು ಇದೆಯಲ್ಲ, ಕಣ್ಣು ಕಾಣಲ್ವಾ?"

ಅತ್ತಿಗೆ ಎದ್ದು ಒಳಗೆ ಹೋದಳು. ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. ನಾದಿನಿ ಸಿಂಕಿನ ಮುಂದೆ ಬಗ್ಗಿ ನಾಲಿಗೆಯನ್ನು ಬೆರಳಿನಿಂದ ಉಜ್ಜಿಕೊಳ್ಳುತ್ತಿದ್ದಳು. ಮಣೆಯ ಮೇಲೆ ಅರ್ಧ ಸೋರೆಕಾಯಿ ಬಿಲ್ಲೆ ಬಿಲ್ಲೆಯಾಗಿ ಬಿದ್ದಿತ್ತು. ಉಳಿದರ್ಧದ ಬೆನ್ನ ಮೇಲೆ ನೀಲಿ ಚಾಕಿನ ಒಂದು ಗೀಟು, ಅಂಗಿಯ ತೋಳಿಗೆ ಎಳೆದಷ್ಟೇ ನೇರವಾಗಿ. ಹೆಚ್ಚುವಾಗ ಹಸಿ ಚೂರನ್ನು ಬಾಯಿಗೆ ಹಾಕಿಕೊಳ್ಳುವುದು ನಾದಿನಿಗೆ ಚಿಕ್ಕಂದಿನ ಚಾಳಿ. ಐವತ್ನಾಲ್ಕು ತುಂಬಿದರೂ ಬಿಟ್ಟಿರಲಿಲ್ಲ.

"ಹಸೀದು ತಿನ್ನಬೇಡ ಅಂತ ನಿಮ್ಮಮ್ಮ ಹೇಳೀ ಹೇಳೀ ಸುಸ್ತಾದ್ರು. ಇಲ್ಲಿ ಕೊಡು, ನೋಡೋಣ."

ಅತ್ತಿಗೆ ಒಂದು ಬಿಲ್ಲೆ ಎತ್ತಿ ಅರ್ಧ ಕಚ್ಚಿದಳು. ತಣ್ಣಗಿತ್ತು. ನೀರು ನೀರಾಗಿತ್ತು. ಬೀಜ ಇನ್ನೂ ಬಲಿತಿರಲಿಲ್ಲ. ಇಷ್ಟನ್ನು ಹಲ್ಲು ಹೇಳಿತು. ಉಳಿದದ್ದನ್ನು ಅವಳೇ ಸೇರಿಸಿಕೊಂಡಳು.

"ಚೆನ್ನಾಗೇ ಇದೆಯಲ್ಲ. ಎಳೇ ಕಾಯಿ, ಬೆಣ್ಣೆ ಇದ್ದ ಹಾಗಿದೆ."

ನಾದಿನಿ ಅವಳ ಮುಖವನ್ನೇ ನೋಡುತ್ತಿದ್ದಳು. ಆ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಅತ್ತಿಗೆ ಇನ್ನೇನು ನುಂಗಬೇಕು ಅನ್ನುವಷ್ಟರಲ್ಲಿ ನಾದಿನಿ ಅವಳ ಗಲ್ಲ ಹಿಡಿದೇಬಿಟ್ಟಳು.

"ಉಗುಳಿ! ಉಗುಳಿ ಅಂದೆ! ಅತ್ತಿಗೆ, ಅದು ವಿಷದಂಥ ಕಹಿ. ನಿಮಗೆ ಗೊತ್ತಾಗ್ತಿಲ್ವಾ?"

ಅತ್ತಿಗೆ ಸಿಂಕಿಗೆ ಉಗುಳಿದಳು. ನೀರು ಬಿಟ್ಟು ಅದು ಪೂರ್ತಿ ಕೊಚ್ಚಿಹೋಗುವವರೆಗೂ ಬಗ್ಗಿಯೇ ನಿಂತಿದ್ದಳು. ಆಮೇಲೆ ನಲ್ಲಿಯನ್ನು ತಿರುಗಿಸಿ ನಿಲ್ಲಿಸಿದಳು.

"ಇಲ್ಲ ಕಣೇ," ಎಂದಳು. "ಗೊತ್ತಾಗ್ತಿಲ್ಲ."

ಚಳಿಗಾಲದ ಕೊನೆಯಲ್ಲಿ ಅವಳಿಗೆ ಜ್ವರ ಬಂದು ಹತ್ತು ದಿನ ಮಲಗಿದ್ದಳು. ಎದ್ದು ಕೂತ ದಿನ ನಾದಿನಿ ಒಂದು ಲೋಟ ಹಾಲು ಕಾಯಿಸಿ ಕೊಟ್ಟಿದ್ದಳು. ಬಿಸಿ ಗೊತ್ತಾಯಿತು, ಹಾಲು ಗೊತ್ತಾಗಲಿಲ್ಲ. ನಾಳೆ ಸರಿಹೋಗುತ್ತದೆ ಅಂದುಕೊಂಡಳು. ಮೂರು ತಿಂಗಳಾಯಿತು, ನಾಳೆ ಬರಲಿಲ್ಲ. ಉಪ್ಪನ್ನು ಚಮಚದಲ್ಲಿ ಅಳೆದು ಹಾಕಲು ಶುರುಮಾಡಿದಳು. ಹಾಕಿದ್ದು ಮರೆತು ಎರಡನೇ ಸಲ ಹಾಕಿದ ದಿನಗಳೂ ಇದ್ದವು. ಯಾರಿಗೂ ಹೇಳಲಿಲ್ಲ. ಹೇಳದೆ ಇರುವುದಕ್ಕೆ ಒಂದು ಕಾರಣವಿತ್ತು. ಅತ್ತೆಗೂ ಕೊನೆಗಾಲದಲ್ಲಿ ಹೀಗೇ ಶುರುವಾಗಿತ್ತು. ಮೊದಲು ಉಪ್ಪು ಮರೆತರು, ಆಮೇಲೆ ಒಲೆ, ಕೊನೆಗೆ ಸ್ವಂತ ಮಗಳ ಹೆಸರು. ಬಟ್ಟೆ ಹೊಲಿಯುವಾಗ ಅತ್ತಿಗೆ ಆಗಾಗ ಬೀದಿಯವರ ಹೆಸರನ್ನೆಲ್ಲ ಒಂದು ತುದಿಯಿಂದ ಮನಸ್ಸಿನಲ್ಲೇ ಹೇಳಿಕೊಂಡು ಬರುತ್ತಿದ್ದಳು. ಒಂದೂ ತಪ್ಪುತ್ತಿರಲಿಲ್ಲ. ಆದರೂ ಮಾರನೆಯ ದಿನ ಮತ್ತೆ ಹೇಳಿಕೊಳ್ಳುತ್ತಿದ್ದಳು.

ನಾದಿನಿಗೆ ಆ ಕ್ಷಣದಲ್ಲಿ ಹೊಳೆದದ್ದು ಬೇರೆ.

"ಅತ್ತಿಗೆ, ಬೆಳಗ್ಗೆ ಎಷ್ಟು ಕೊಯ್ದ್ರಿ?"

"ನಾಲ್ಕು."

"ಇದು ಒಂದು. ಉಳಿದ ಮೂರು?"

ಅತ್ತಿಗೆಯ ಕೈ ಕೊರಳಿನ ಟೇಪನ್ನು ಹಿಡಿದುಕೊಂಡಿತು.

ಬೇಸಿಗೆಯ ಮೊದಲ ಕೊಯ್ಲು ಈ ಮನೆಯಲ್ಲಿ ಒಬ್ಬರೇ ತಿನ್ನುವಂಥದ್ದಾಗಿರಲಿಲ್ಲ. ಹಿತ್ತಿಲು ದೊಡ್ಡದೇನಲ್ಲ, ಎರಡು ಥಾನು ಬಟ್ಟೆ ಬಿಚ್ಚಿ ಹಾಸಿದಷ್ಟು ಜಾಗ. ಆದರೆ ಅಷ್ಟರಲ್ಲೇ ಆ ಬೆಳಗ್ಗೆ ಒಂದು ಬುಟ್ಟಿ ಬೀನ್ಸು, ಹದಿನೇಳು ಟೊಮೇಟೊ, ಎಲೆ ಬಾಡಿ ಮಲಗಿದ್ದ ಒಂದು ಸಾಲು ಈರುಳ್ಳಿ ಸಿಕ್ಕಿದ್ದವು. ಬೆಳ್ಳುಳ್ಳಿಯನ್ನು ವಾರದ ಹಿಂದೆಯೇ ಕಿತ್ತು ನೆರಳಲ್ಲಿ ಒಣಹಾಕಿದ್ದರು. ಗೋಡೆ ಪಕ್ಕದ ಹಿಪ್ಪುನೇರಳೆ ಮರ ಹಣ್ಣು ಉದುರಿಸಿ ಉದುರಿಸಿ ಬಟ್ಟೆ ಒಗೆಯುವ ಕಲ್ಲನ್ನೆಲ್ಲ ನೇರಳೆ ಮಾಡಿಟ್ಟಿತ್ತು. ಚಪ್ಪರದಿಂದ ನಾಲ್ಕು ಸೋರೆಕಾಯಿ ಇಳಿಸಿದ ಅತ್ತಿಗೆ, ಮನೆಯ ಕಟ್ಟಳೆಯಂತೆ, ತೊಟ್ಟಿನ ಪಕ್ಕದಲ್ಲಿ ಚಾಕುವಿನ ಮೊನೆಯಿಂದ ಉಗುರಿನಷ್ಟು ಚೂರು ತೆಗೆದು ನಾಲಿಗೆಗೆ ಇಟ್ಟಿದ್ದಳು.

ಆ ಕಟ್ಟಳೆ ಅತ್ತೆಯದು. ಬಳ್ಳಿಯ ಕಾಯಿ ಯಾವುದೇ ಇರಲಿ, ತುದಿ ರುಚಿ ನೋಡದೆ ಈ ಮನೆಯ ಹೊಸಿಲು ದಾಟಕೂಡದು. ನೋಡಿ ಸರಿಯಿದ್ದರೆ ಕಾಯಿಯ ಬೆನ್ನಿಗೆ ಒಂದು ಗುರುತು. ಅತ್ತೆ ಇದ್ದಲಿನಲ್ಲಿ ಎಳೆಯುತ್ತಿದ್ದರು. ಸೊಸೆಯ ಕಾಲಕ್ಕೆ ಅದು ಬಟ್ಟೆಗೆ ಗುರುತು ಹಾಕುವ ನೀಲಿ ಚಾಕ್ ಆಯಿತು. ಮೂವತ್ತು ವರ್ಷದಲ್ಲಿ ಬೀದಿಗೆಲ್ಲ ಅದು ರೂಢಿಯಾಗಿಹೋಗಿತ್ತು. ಟೈಲರಮ್ಮನ ಗೀಟು ಇದ್ದರೆ ಕಣ್ಣು ಮುಚ್ಚಿಕೊಂಡು ಹೆಚ್ಚಬಹುದು. ಯಾರೂ ಮತ್ತೊಮ್ಮೆ ರುಚಿ ನೋಡುತ್ತಿರಲಿಲ್ಲ.

ನಾಲ್ಕು ಚೂರು ಬಾಯಿಗಿಟ್ಟಿದ್ದಳು. ನಾಲ್ಕೂ ತಣ್ಣಗಿದ್ದವು. ನಾಲ್ಕು ಗೀಟು ಎಳೆದಳು.

"ಇಸ್ತ್ರಿಯವನಿಗೆ ಒಂದು, ನರ್ಸಮ್ಮನಿಗೆ ಒಂದು, ಗಡಿಯಾರದವರಿಗೆ ಒಂದು," ಅಂದಳು ಈಗ. "ಚಪ್ಪಲಿ ಹಾಕ್ಕೋ, ನಡಿ."

ಬಾಗಿಲಿಗೆ ಬೀಗ ಹಾಕುವುದನ್ನೂ ಮರೆತು ಇಬ್ಬರೂ ಬೀದಿಗಿಳಿದರು. ಬಿಸಿಲು ನೆತ್ತಿಗೇರುತ್ತಿತ್ತು. ಭಾನುವಾರವಾದ್ದರಿಂದ ಅರ್ಧ ಅಂಗಡಿಗಳು ಮುಚ್ಚಿದ್ದವು. ನಾದಿನಿ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸದವಳು, ನಡಿಗೆ ಚುರುಕು. ಅತ್ತಿಗೆ ಏದುಸಿರು ಬಿಡುತ್ತ ಹಿಂದೆಯೇ ಬಂದಳು.

"ಯಾವಾಗಿಂದ ಹೀಗೆ?"

"ಜ್ವರ ಬಿಟ್ಟಾಗಿಂದ."

"ಮೂರು ತಿಂಗಳು! ಒಂದು ಮಾತು ಹೇಳಬಾರದಾ ನನಗೆ?"

"ನೀನು ಹೇಳಿದ್ಯಾ? ಉಪ್ಪು ಜಾಸ್ತಿ ಆಯ್ತು, ಕಮ್ಮಿ ಆಯ್ತು ಅಂತ ಒಂದು ದಿನ ಬಾಯಿ ಬಿಟ್ಟಿದ್ಯಾ? ಎಲ್ಲ ಸುಮ್ನೆ ತಿಂದ್ಕೊಂಡು ಎದ್ದು ಹೋಗ್ತಿದ್ದೆ. ನಾನು ಸರಿಯಾಗೇ ಮಾಡ್ತಿದೀನಿ ಅಂದ್ಕೊಂಡೆ."

ನಾದಿನಿಯ ಹೆಜ್ಜೆ ಒಂದು ಕ್ಷಣ ನಿಧಾನವಾಯಿತು. ತಟ್ಟೆಯಲ್ಲಿದ್ದದ್ದಕ್ಕೆ ಅತ್ತಿಗೆ ಆಚೆ ತಿರುಗಿದಾಗ ಬಿಸಿನೀರು ಬೆರೆಸಿದ ದಿನಗಳು, ಚಿಟಿಕೆ ಉಪ್ಪು ಉದುರಿಸಿಕೊಂಡ ದಿನಗಳು ಅವಳಿಗೆ ನೆನಪಿದ್ದವು. ವಯಸ್ಸಾಯಿತು, ಗಮನ ಎಲ್ಲೋ ಇರುತ್ತದೆ, ಹೇಳಿದರೆ ನೊಂದುಕೊಳ್ಳುತ್ತಾರೆ ಅಂತ ಬಿಟ್ಟಿದ್ದಳು. ಸೋರೆಕಾಯಿಯ ತುದಿಯನ್ನು ನೋಡುವುದೂ ಅದೇ ನಾಲಿಗೆ ಅನ್ನುವುದು ಒಂದು ಸಲವೂ ತಲೆಗೆ ಬಂದಿರಲಿಲ್ಲ.

"ನಂದೂ ತಪ್ಪೇ," ಅಂದಳು, ಮತ್ತೆ ಚುರುಕಾಗಿ.

"ತಪ್ಪು ಆಮೇಲೆ ಹಂಚಿಕೊಳ್ಳೋಣ. ಮೊದಲು ಕಾಯಿ."

ಇಸ್ತ್ರಿಯವನ ಗೂಡಂಗಡಿ ಬೀದಿಯ ಮೊದಲ ತಿರುವಿನಲ್ಲೇ ಇತ್ತು. ಅವನು ಒಂದು ಪ್ಯಾಂಟಿನ ಮಡಿಕೆಗೆ ನೀರು ಚಿಮುಕಿಸುತ್ತ ತಲೆ ಎತ್ತಿದ.

"ಏನ್ ಟೈಲರಮ್ಮ, ಟೇಪು ಹಿಡ್ಕೊಂಡು ಬೀದಿ ಅಳೆಯೋಕೆ ಹೊರಟ್ರಾ?"

"ಬೆಳಗ್ಗೆ ಕೊಟ್ಟ ಸೋರೆಕಾಯಿ ಎಲ್ಲಪ್ಪಾ?"

"ಇಲ್ಲೇ ಇದೆ." ಮೇಜಿನ ಕೆಳಗಿಂದ ಒದ್ದೆ ಬಟ್ಟೆಯಲ್ಲಿ ಕೂಸಿನ ಹಾಗೆ ಸುತ್ತಿಟ್ಟಿದ್ದ ಕಾಯಿಯನ್ನು ತೆಗೆದ. "ಸಾಯಂಕಾಲ ಮನೆಗೆ ಒಯ್ಯೋಣ ಅಂತ. ಯಾಕೆ?"

"ವಾಪಸ್ ಕೊಡು."

ಅವನು ಇಬ್ಬರ ಮುಖವನ್ನೂ ನೋಡಿದ. "ಕೊಟ್ಟ ಕಾಯಿ ವಾಪಸ್ ಕೇಳೋರನ್ನ ಇವತ್ತೇ ನೋಡಿದ್ದು. ಹಾಗೇ ಕೊಡ್ಲಾ, ಮಡಚಿ ಕೊಡ್ಲಾ?"

ಅತ್ತಿಗೆ ಕುಡಿಯುವ ನೀರಿನ ಕೊಡದ ಪಕ್ಕದಲ್ಲಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟಳು. ನಾದಿನಿ ಅವನ ಚಾಕು ಇಸಿದುಕೊಂಡು ತುದಿಯಿಂದ ಚೂರು ತೆಗೆದು ನಾಲಿಗೆಗೆ ತಾಗಿಸಿದಳು. ಕಣ್ಣು ಮುಚ್ಚಿದಳು. ತೆಗೆದಳು.

"ಇದು ಸರಿ ಇದೆ ಅತ್ತಿಗೆ. ಕಹಿ ಇಲ್ಲ."

"ಸರೀ ನೋಡಿದ್ಯಾ?"

"ಇನ್ನೊಂದು ಚೂರು ತಿಂದು ತೋರಿಸ್ಲಾ?"

ನಡೆದದ್ದು ಕೇಳಿದ ಮೇಲೆ ಇಸ್ತ್ರಿಯವನು ಕಾಯಿಯನ್ನು ಮತ್ತೆ ಒದ್ದೆ ಬಟ್ಟೆಯಲ್ಲಿ ಸುತ್ತಿದ. "ಹೋಗಿ ಬನ್ನಿ, ನಿಮ್ಮ ಬಾಗಿಲು ನಾನು ನೋಡ್ಕೋತೀನಿ. ಹಾರು ಹೊಡೆದಿದೆ, ಇಲ್ಲಿಂದ್ಲೇ ಕಾಣ್ತಿದೆ," ಅಂದ.

ನರ್ಸಮ್ಮನ ಮನೆಯ ಗೇಟಿಗೆ ಬೆಳಗ್ಗೆ ಅತ್ತಿಗೆ ನೇತುಹಾಕಿದ್ದ ಚೀಲ ಹಾಗೇ ಇತ್ತು. ಒಳಗೆ ಟೊಮೇಟೊ, ಒಂದು ಹಿಡಿ ಬೀನ್ಸು, ಗೀಟು ಎಳೆದ ಸೋರೆಕಾಯಿ. ನಾದಿನಿ ಅಲ್ಲೇ ಹಲ್ಲಿನಿಂದ ತೊಟ್ಟಿನ ಪಕ್ಕ ಒಂಚೂರು ಕಚ್ಚಿ ನೋಡಿದಳು. ಅದೂ ಸರಿಯಿತ್ತು. ಅಷ್ಟರಲ್ಲಿ ಗೇಟಿನ ಸದ್ದಿಗೆ ನರ್ಸಮ್ಮ ಎದ್ದು ಬಂದಳು. ರಾತ್ರಿ ಪಾಳಿ ಮುಗಿಸಿ ಮಲಗಿದ್ದವಳು, ಕೂದಲು ಒಂದೇ ಕಡೆ ಒತ್ತಿಕೊಂಡಿತ್ತು.

"ಅಲ್ಲ, ತರಕಾರಿ ಕದಿಯೋಕೆ ಇಬ್ಬರು ಬರಬೇಕಾ?"

ನಾದಿನಿ ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದಳು. ನರ್ಸಮ್ಮನ ನಿದ್ದೆ ಅಷ್ಟಕ್ಕೇ ಹಾರಿತು.

"ಮೂರನೇದು ಯಾರಿಗೆ ಕೊಟ್ರಿ?"

"ಗಡಿಯಾರದವರಿಗೆ. ಒಬ್ಬರೇ ಇದ್ದಾರಲ್ಲ, ಸಾಯಂಕಾಲ ಬೇಯಿಸಿಕೊಳ್ಳಲಿ ಅಂತ..."

"ಬೇಯಿಸ್ಕೊಳ್ಳೋದಾ? ಅವರು ಹಸೀದೇ ಹಿಂಡಿ ಕುಡೀತಾರೆ ಟೈಲರಮ್ಮ! ರಕ್ತದೊತ್ತಡಕ್ಕೆ ಒಳ್ಳೇದು ಅಂತ ಯಾರೋ ತಲೇಲಿ ತುಂಬಿದಾರೆ. ಊಟಕ್ಕೆ ಮುಂಚೆ ಒಂದು ದೊಡ್ಡ ಲೋಟ. ಮೊನ್ನೆ ನನ್ನ ಹತ್ರಾನೇ ಹೇಳ್ಕೊಂಡ್ರು. ಕಹಿ ಕಾಯಿ ರಸ ಕುಡಿದು ರಕ್ತ ಕಾರಿದವರನ್ನ ನಾನು ವಾರ್ಡಲ್ಲಿ ನೋಡಿದೀನಿ."

ಅತ್ತಿಗೆಗೆ ಆಮೇಲಿನ ಮಾತು ಕೇಳಿಸಲಿಲ್ಲ. ಮುಂದೆ ಓಡುತ್ತಿದ್ದವಳು ಈಗ ಅವಳೇ. ಅರವತ್ತೆರಡರ ಮಂಡಿಗಳು ನೋಯುತ್ತವೆ ಅನ್ನುವುದು ನೆನಪಾಗಲಿಲ್ಲ. ಟೇಪು ಕೊರಳಿಂದ ಜಾರಿ ಬಿತ್ತು, ನಾದಿನಿ ಎತ್ತಿಕೊಂಡಳು. ಹಿಂದೆ ನರ್ಸಮ್ಮನ ಮನೆ ಚಪ್ಪಲಿ ಪಟಪಟ ಬಡಿಯುತ್ತಿತ್ತು. ಗಡಿಯಾರದವರ ಕೈಗೆ ಕಾಯಿ ಕೊಟ್ಟಾಗ ಅವರು ಮೊದಲು ನೋಡಿದ್ದು ಗೀಟನ್ನು. "ನಿಮ್ಮ ಸಹಿ ಇದೆ, ಇನ್ನೇನು ಬೇಕು," ಅಂದಿದ್ದರು. ಆ ಮಾತು ಅವಳ ಜೊತೆಗೇ ಓಡಿ ಬರುತ್ತಿತ್ತು.

ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು. "ಈಗ ಬರುತ್ತೇನೆ" ಅನ್ನುವ ರಟ್ಟಿನ ಹಲಗೆ ನೇತಾಡುತ್ತಿತ್ತು. ಗಾಜಿನೊಳಗೆ ಗೋಡೆ ತುಂಬ ಗಡಿಯಾರಗಳು, ಒಂದೊಂದರಲ್ಲಿ ಒಂದೊಂದು ಗಂಟೆ. ಕೆಳಗಿನ ಮೇಜಿನ ಮೇಲೆ, ಬಿಚ್ಚಿಟ್ಟ ಸ್ಪ್ರಿಂಗು, ಚಕ್ರಗಳ ಆಚೆ, ಒಂದು ದೊಡ್ಡ ಲೋಟ. ಖಾಲಿ. ಅದರ ಅಂಚಿನಲ್ಲಿ ತಿಳಿ ಹಸಿರು ನೊರೆ ಒಣಗಿ ಅಂಟಿತ್ತು. ಪಕ್ಕದಲ್ಲಿ ಸಿಪ್ಪೆಯ ಗುಡ್ಡೆ. ಮೇಲಿದ್ದ ಸಿಪ್ಪೆಯಲ್ಲಿ ನೀಲಿ ಗೀಟಿನ ಅರ್ಧ ಕಾಣುತ್ತಿತ್ತು.

ಅತ್ತಿಗೆ ಗಾಜಿಗೆ ಹಣೆ ಒತ್ತಿದಳು. "ಕುಡಿದುಬಿಟ್ಟಿದಾರೆ," ಅಂದಳು.

ನರ್ಸಮ್ಮ ಬಾಗಿಲನ್ನು ತಳ್ಳಿ ಒಳಗೆ ನುಗ್ಗಿದಳು. ಹಿಂದಿನ ಕೋಣೆ ನೋಡಿದಳು, ಬಚ್ಚಲು ನೋಡಿದಳು. "ಇಲ್ಲಿಲ್ಲ. ಆಸ್ಪತ್ರೆಗೆ ಹೋಗಿರಬೇಕು, ಇಲ್ಲಾಂದ್ರೆ ಎಲ್ಲೋ..."

"ಯಾರು, ಏನಾಯ್ತು? ನನ್ನ ಅಂಗಡಿಗೆ ಏನಾಯ್ತು?"

ಮೂವರೂ ತಿರುಗಿದರು. ಗಡಿಯಾರದವರು ಬೀದಿಯ ಆಚೆ ಬದಿಯಿಂದ ಕೊಡೆ ಹಿಡಿದು ಬರುತ್ತಿದ್ದರು. ಕಂಕುಳಲ್ಲಿ ಕಾಗದ ಸುತ್ತಿದ ಉದ್ದನೆಯದೇನೋ ಇತ್ತು. ಅತ್ತಿಗೆಯನ್ನು ಕಂಡದ್ದೇ ತಡ, ಎಪ್ಪತ್ತು ವರ್ಷದ ಮನುಷ್ಯ ಆ ಪೊಟ್ಟಣವನ್ನು ಬೆನ್ನ ಹಿಂದೆ ಮರೆಮಾಡಿದರು.

"ರಸ ಕುಡಿದ್ರಾ?" ಮೂವರೂ ಒಟ್ಟಿಗೇ ಕೇಳಿದರು.

"ರಸ... ಓ, ರಸ. ಹೌದು. ಬಹಳ ಚೆನ್ನಾಗಿತ್ತು ಟೈಲರಮ್ಮ. ಬಹಳ ಸೊಗಸಾಗಿತ್ತು."

"ಸುಳ್ಳು ಹೇಳಬೇಡಿ!" ಅತ್ತಿಗೆ ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು. "ಎಷ್ಟು ಕುಡಿದ್ರಿ? ಹೇಳಿ!"

ಅವರು ಕೊಡೆ ಮಡಚಿದರು. ಒಬ್ಬೊಬ್ಬರ ಮುಖವನ್ನೂ ನೋಡಿದರು. ಗಂಭೀರ ವಿಷಯ ಅನ್ನುವುದು ಅರ್ಥವಾಯಿತು.

"ಕುಡೀಲಿಲ್ಲ ತಾಯಿ. ಒಂದು ಗುಟುಕು ಬಾಯಿಗೆ ಬಿತ್ತು ನೋಡಿ, ಅಬ್ಬಬ್ಬಾ! ಮೈಯೆಲ್ಲ ಜುಮ್ ಅಂತು. ಅಲ್ಲೇ ಉಗುಳಿ, ಉಳಿದದ್ದು ಚರಂಡಿಗೆ ಸುರಿದೆ. ಹತ್ತು ಸಲ ಬಾಯಿ ತೊಳ್ಕೊಂಡೆ."

"ನುಂಗಿಲ್ವಾ?" ನರ್ಸಮ್ಮ ಅವರ ಕೈ ಹಿಡಿದು ನಾಡಿ ನೋಡುತ್ತಿದ್ದಳು. "ವಾಂತಿ? ಹೊಟ್ಟೆ ನೋವು?"

"ಏನಿಲ್ಲ. ಹಸಿವು ಒಂದು ಬಿಟ್ಟು."

"ಹಾಗಾದ್ರೆ ಹೇಳೋಕೇನು? ನೇರ ನಮ್ಮನೆಗೆ ಬಂದು ಹೇಳಬಾರದಿತ್ತಾ? ನಾನು ಇಡೀ ಬೀದಿ..." ನಾದಿನಿ ಟೇಪು ಹಿಡಿದ ಕೈಯಿಂದ ಬೀದಿಯ ಉದ್ದಕ್ಕೂ ತೋರಿಸಿದಳು.

ಗಡಿಯಾರದವರು ನೆಲ ನೋಡಿದರು. "ಹೇಗೆ ಹೇಳೋದು ಪೋಸ್ಟಮ್ಮ? ಇಷ್ಟು ವರ್ಷ ಕೊಟ್ಟಿದಾರೆ, ಒಂದು ದಿನ ತಪ್ಪಿಲ್ಲ. ನಾಳೆ ಹೇಗಿತ್ತು ಅಂತ ಕೇಳ್ತಾರೆ. ಅದಕ್ಕೆ..." ಬೆನ್ನ ಹಿಂದಿನ ಪೊಟ್ಟಣವನ್ನು ಮುಂದೆ ತಂದರು. ಕಾಗದ ಸರಿದು ಮಾರುಕಟ್ಟೆಯ ಒಂದು ಸೋರೆಕಾಯಿ ತಲೆ ಹೊರಹಾಕಿತು. "ಇದರ ರಸ ಕುಡಿದು, ಇದು ಹೇಗಿತ್ತೋ ಹಾಗೆ ಹೇಳೋಣ ಅಂತ. ಪೂರಾ ಸುಳ್ಳು ಆಗ್ತಿರಲಿಲ್ಲ."

ಮೊದಲು ನಕ್ಕವಳು ನರ್ಸಮ್ಮ. ಆಮೇಲೆ ನಾದಿನಿ. ಅತ್ತಿಗೆ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತಳು; ಅವಳೂ ನಗುತ್ತಿದ್ದಾಳೆ ಅಂದುಕೊಂಡರು ಎಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಲ್ಲ ಅಂತ ಗೊತ್ತಾಯಿತು. ನಾದಿನಿ ಪಕ್ಕದಲ್ಲಿ ಕೂತು, ಕೈಯಲ್ಲಿದ್ದ ಟೇಪನ್ನು ಸುತ್ತಿ ಅವಳ ಮಡಿಲಲ್ಲಿ ಇಟ್ಟಳು.

"ನಿಮ್ಮಮ್ಮನ ಹಾಗೇ ಆಗ್ತಿದೆ ಕಣೇ ನನಗೂ," ಅಂದಳು ಅತ್ತಿಗೆ. "ಮೊದಲು ಉಪ್ಪು ಹೋಯ್ತು. ಇನ್ನು ನೀನು ಯಾರು ಅಂತ ಕೇಳೋದೊಂದು ಬಾಕಿ."

"ಯಾವುದಕ್ಕೆ ಯಾವುದನ್ನ ಗಂಟು ಹಾಕ್ತೀರಿ?" ನರ್ಸಮ್ಮ ಗದರಿದಳು. "ಜ್ವರ ಬಂದು ಹೋದ ಮೇಲಲ್ವಾ ಹೀಗಾದದ್ದು? ಜ್ವರದಿಂದ ಹೋದದ್ದು ನಾಲಿಗೆ, ತಲೆ ಅಲ್ಲ. ಈ ಸಲದ ಜ್ವರದಲ್ಲಿ ನಮ್ಮ ವಾರ್ಡಲ್ಲೇ ಏಳೆಂಟು ಜನಕ್ಕೆ ಹೀಗಾಗಿದೆ. ಹಿಂದೊಂದು ಸಲ ನನಗೇ ಆಗಿತ್ತು. ಐದು ತಿಂಗಳು! ಒಡೆದ ಹಾಲು ಕುಡಿದು ಲೋಟ ತೊಳೆದಿಟ್ಟಿದೀನಿ, ಗೊತ್ತೇ ಆಗಿಲ್ಲ."

"ಆಮೇಲೆ ಬಂತಾ?"

"ಬಂತು. ಮೊದಲು ಬಂದದ್ದು ಯಾವುದು ಗೊತ್ತಾ? ಆಸ್ಪತ್ರೆಯ ಫಿನಾಯಿಲ್ ವಾಸನೆ. ನಿಂತು ಖುಷಿಪಟ್ಟೆ. ಎಲ್ಲರಿಗೂ ಒಂದೇ ಥರ ಬರಲ್ಲ, ಕೆಲವರಿಗೆ ತಡ ಆಗುತ್ತೆ. ನಾಳೆ ನನ್ನ ಜೊತೆ ಬನ್ನಿ, ಡಾಕ್ಟರಿಗೆ ತೋರಿಸೋಣ. ಈ ಬೀದೀಲಿ ಎಷ್ಟು ಮನೆ ಇದೆ ಹೇಳಿ ನೋಡೋಣ, ಹೆಸರು ಸಮೇತ."

ಅತ್ತಿಗೆ ಮೂಗು ಒರೆಸಿಕೊಂಡು, ಒಂದು ತುದಿಯಿಂದ ಶುರುಮಾಡಿ, ಇನ್ನೊಂದು ತುದಿಯವರೆಗೂ ಗಡಗಡ ಹೇಳಿದಳು. ಬಾಡಿಗೆಗೆ ಬಂದು ವಾರವಾದವರನ್ನೂ ಬಿಡಲಿಲ್ಲ, ಅವರ ನಾಯಿಯನ್ನೂ ಬಿಡಲಿಲ್ಲ.

"ನನಗೇ ಇಷ್ಟು ಗೊತ್ತಿರಲಿಲ್ಲ," ಅಂದರು ಗಡಿಯಾರದವರು.

ಒಳಗೆ ಗಡಿಯಾರಗಳು ತಮ್ಮ ತಮ್ಮ ಲೆಕ್ಕದಲ್ಲಿ ಟಿಕ್ ಟಿಕ್ ಅನ್ನುತ್ತಿದ್ದವು. ಗಡಿಯಾರದವರು ಕೆಮ್ಮಿದರು. ಕೊಂಡು ತಂದ ಸೋರೆಕಾಯಿಯನ್ನು ಎರಡೂ ಕೈಯಲ್ಲಿ ತಿರುಗಿಸಿ ನೋಡಿದರು.

"ಟೈಲರಮ್ಮ, ಇದಕ್ಕೆ ಗೀಟಿಲ್ಲ. ಈಗ ಇದನ್ನ ಕುಡಿಯೋಕೂ ನನಗೆ ಧೈರ್ಯ ಬರ್ತಿಲ್ಲ."

ಅತ್ತಿಗೆ ಅದನ್ನು ತೆಗೆದುಕೊಂಡಳು. ಅಭ್ಯಾಸಬಲದಿಂದ ತೊಟ್ಟಿನ ಪಕ್ಕ ಉಗುರೂರಿದಳು, ಚೂರು ಕಿತ್ತಳು. ಕೈ ಬಾಯಿಯವರೆಗೆ ಬಂತು. ಅಲ್ಲೇ ನಿಂತಿತು. ಆಮೇಲೆ ಪಕ್ಕಕ್ಕೆ ತಿರುಗಿ ನಾದಿನಿಯ ಮುಂದೆ ಹಿಡಿದಳು. ನಾದಿನಿ ಬಾಯಿ ತೆರೆದಳು. ಅಗಿದಳು. ಅತ್ತಿಗೆ ಅವಳ ಮುಖವನ್ನು ಹೊಸ ಬಟ್ಟೆಯ ನೂಲನ್ನು ನೋಡುವ ಹಾಗೆ ಹತ್ತಿರದಿಂದ ನೋಡಿದಳು. ಹುಬ್ಬು ಅಲುಗಲಿಲ್ಲ, ತುಟಿ ಸೊಟ್ಟಗಾಗಲಿಲ್ಲ.

"ಸಪ್ಪೆ," ಅಂದಳು ನಾದಿನಿ. "ನಮ್ಮ ಕಾಯಿಯಷ್ಟು ಚೆನ್ನಾಗಿಲ್ಲ. ಕಹಿ ಇಲ್ಲ."

ಅತ್ತಿಗೆ ಜೇಬಿನಿಂದ ಸವೆದು ಬಿಲ್ಲೆಯಷ್ಟಾಗಿದ್ದ ಚಾಕ್ ತೆಗೆದು ಒಂದು ಗೀಟು ಎಳೆದಳು. ನೋಡಿದಳು. ಅದರ ಪಕ್ಕದಲ್ಲೇ ನಾದಿನಿಯ ಪಾಲಿಗೆ ಇನ್ನೊಂದು ಎಳೆದಳು.

ಮಧ್ಯಾಹ್ನ ಊಟವಾದ ಮೇಲೆ ಅತ್ತಿಗೆ ನಾದಿನಿ ಇಬ್ಬರೂ ಚಪ್ಪರದ ಕೆಳಗೆ ಬಗ್ಗಿ ಬಳ್ಳಿಯನ್ನು ತುದಿಯಿಂದ ಬುಡದವರೆಗೆ ಬೆರಳಾಡಿಸಿ ಬಿಡಿಸಿದರು. ಒಂದೇ ಅಂದುಕೊಂಡದ್ದು ಎರಡು ಬಳ್ಳಿ. ಒಂದು ಅತ್ತಿಗೆ ಬೀಜ ಊರಿದ್ದು. ಇನ್ನೊಂದು ಗೊಬ್ಬರದ ಗುಂಡಿಯಿಂದ ತಾನಾಗಿ ಹುಟ್ಟಿ, ಬೇಲಿ ಹಿಡಿದು ಬಂದು, ಅದರ ಜೊತೆಗೇ ಚಪ್ಪರ ಹತ್ತಿತ್ತು. ಎಲೆಯೂ ಹಾಗೇ, ಹೂವೂ ಹಾಗೇ. ತಾನಾಗಿ ಬಂದದ್ದನ್ನು ಯಾಕೆ ಕೀಳಬೇಕು ಅಂತ ಬಿಟ್ಟದ್ದು ಅತ್ತಿಗೆಯೇ. ನಾದಿನಿ ಅದರ ಒಂದು ಕಾಯಿಯ ತುದಿಯನ್ನು ನಾಲಿಗೆಗೆ ತಾಗಿಸಿ, ಕಹಿಗೆ ಉಗುಳಿ, ಬಳ್ಳಿಯನ್ನು ಬುಡಸಮೇತ ಎಳೆದಳು. ಇನ್ನೂ ಎಳೆಯದಾಗಿದ್ದ ಮೂರು ಕಾಯಿಗಳು ದಬದಬ ಬಿದ್ದವು.

ಕೈ ತೊಳೆಯಲು ಅತ್ತಿಗೆ ಒಗೆಯುವ ಕಲ್ಲಿನ ಹತ್ತಿರ ಬಂದಳು. ಹಿಪ್ಪುನೇರಳೆಯ ಕೊಂಬೆ ಅವಳ ತಲೆಗೆ ತಾಗುವಷ್ಟು ಬಾಗಿತ್ತು. ಕಪ್ಪಾದ ಹಣ್ಣೊಂದನ್ನು ಕಿತ್ತು ಬಾಯಿಗೆ ಹಾಕಿಕೊಂಡಳು. ಬಿಸಿಲಿಗೆ ಬೆಚ್ಚಗಾಗಿತ್ತು. ಸಣ್ಣ ಸಣ್ಣ ಕಾಳುಗಳು ಹಲ್ಲಿಗೆ ಸಿಕ್ಕಿ ಒಡೆದವು.

"ನೀನೂ ಒಂದು ತಿನ್ನು," ಅಂದಳು. "ತಿಂದು ಹೇಳು, ಹೇಗಿದೆ ಅಂತ."

ನಾದಿನಿ ಒಂದು ಹಣ್ಣು ಹಾಕಿಕೊಂಡಳು. ಅವಸರ ಮಾಡಲಿಲ್ಲ.

"ಮೊದಲು ಹುಳಿ," ಅಂದಳು. "ಜಾಸ್ತಿ ಅಲ್ಲ. ಕಿವಿ ಹತ್ತಿರ ಒಂಚೂರು ಚುರ್ ಅನ್ನುತ್ತೆ. ಆಮೇಲೆ ಸಿಹಿ ಬರುತ್ತೆ, ನಿಧಾನಕ್ಕೆ, ಹಿಂದಿನಿಂದ. ಹೋದ ವರ್ಷಕ್ಕಿಂತ ಸಿಹಿ."

"ಹೋದ ವರ್ಷಕ್ಕಿಂತಾನಾ?"

"ಹೂಂ."

ಅತ್ತಿಗೆ ನೇರಳೆ ಬಣ್ಣದ ಬೆರಳುಗಳನ್ನು ನೀರಿಗೆ ಇಳಿಸದೆ, ಮತ್ತೆ ಕೊಂಬೆಯನ್ನು ಕೆಳಗೆ ಎಳೆದುಕೊಂಡಳು.